ಹೊಸ ಪ್ರೊಸೆಸರ್‌ಗೆ ಕಾಯಬೇಕೆ? ಅರ್ಧ ಈಗಲೇ ಕೊಳ್ಳಿ, ಅರ್ಧಕ್ಕೆ ಕಾಯಿರಿ

ಪ್ರಶ್ನೆ: ಶಿವಮೊಗ್ಗದಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ಮಾಡುತ್ತೇನೆ. ಕ್ಯಾಮೆರಾ ಸೋನಿ ಎ7 ಮಾರ್ಕ್ 4, ಎಡಿಟಿಂಗ್ ಡಾವಿಂಚಿ ರಿಸಾಲ್ವ್ ಸ್ಟುಡಿಯೊದಲ್ಲಿ. ಕಂಪ್ಯೂಟರ್ 2018ರದ್ದು: ಕೋರ್ ಐ5-8400, 16 ಜಿಬಿ ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1050 ಟಿಐ, 450 ವ್ಯಾಟ್ ಪವರ್ ಸಪ್ಲೈ. 4ಕೆ ಫೈಲ್ ಟೈಮ್‌ಲೈನಿಗೆ ಹಾಕಿದರೆ ತಡವರಿಸುತ್ತದೆ. ಪ್ರಾಕ್ಸಿ (ಎಡಿಟಿಂಗ್‌ಗೆಂದು ಮಾಡಿಕೊಳ್ಳುವ ಹಗುರ ನಕಲು) ಮಾಡಲು ಇಟ್ಟರೆ ರಾತ್ರಿಯೆಲ್ಲ ಬೇಕು. ಹೊಸದನ್ನು ಕಟ್ಟಿಸಲು 1.2 ಲಕ್ಷ ಎತ್ತಿಟ್ಟಿದ್ದೇನೆ. ಅಂಗಡಿಯವರು ಈಗಲೇ ತಗೊಳ್ಳಿ ಅಂತಾರೆ. ಗೆಳೆಯರು ಇಂಟೆಲ್, ಎಎಂಡಿ ಎರಡರದ್ದೂ ಹೊಸ ಪ್ರೊಸೆಸರ್ ಬರುತ್ತೆ, ಕಾಯಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಗ್ರಾಫಿಕ್ಸ್ ಕಾರ್ಡ್ ಮತ್ತು ಪವರ್ ಸಪ್ಲೈಗೆ ಕಾಯಬೇಡಿ, ಈಗಲೇ ತಂದು ಹಳೆಯ ಕಂಪ್ಯೂಟರಿಗೇ ಹಾಕಿಸಿ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಈ ಮೂರಕ್ಕೆ ಕಾಯಿರಿ. ಇಡೀ ಕಂಪ್ಯೂಟರನ್ನು ಒಂದೇ ಬಿಲ್‌ನಲ್ಲಿ ಕೊಳ್ಳಬೇಕು ಎಂದುಕೊಂಡಾಗ ಮಾತ್ರ ‘ಈಗಲೋ, ಆಮೇಲೋ’ ಎಂಬ ಪ್ರಶ್ನೆ ಇಷ್ಟು ಕಗ್ಗಂಟಾಗುತ್ತದೆ. ನಿಮ್ಮ ವಿಷಯದಲ್ಲಿ ತೊಂದರೆ ಎಲ್ಲಿದೆ ಎಂದು ಹುಡುಕಿದರೆ ಗಂಟು ಬಹುಪಾಲು ಬಿಚ್ಚಿಕೊಳ್ಳುತ್ತದೆ.

ತೊಂದರೆ ಇರುವುದು ನಿಮ್ಮ ಫೈಲ್‌ನ ಬಗೆಯಲ್ಲಿ. ಎ7 ಮಾರ್ಕ್ 4 ಕ್ಯಾಮೆರಾದಲ್ಲಿ ಒಳ್ಳೆಯ ಗುಣಮಟ್ಟ ಬೇಕೆಂದು ಬಹಳ ಮಂದಿ ಆರಿಸುವುದು 10 ಬಿಟ್, 4:2:2 (4:2:0ಗಿಂತ ಹೆಚ್ಚು ಬಣ್ಣದ ವಿವರ ಉಳಿಸಿಕೊಳ್ಳುವ ಬಗೆ). ಈ 4:2:2 ಫೈಲನ್ನು ಬಿಚ್ಚಿ ತೋರಿಸುವ ಯಂತ್ರಾಂಶ ನಿಮ್ಮ 1050 ಟಿಐನಲ್ಲಿಲ್ಲ. ಐ5-8400ರ ಒಳಗಿನ ಗ್ರಾಫಿಕ್ಸ್‌ನಲ್ಲೂ ಇಲ್ಲ. ಹಾಗಾಗಿ ಪ್ರತಿ ಫ್ರೇಮನ್ನೂ ಪ್ರೊಸೆಸರಿನ ಆರು ಕೋರ್‌ಗಳೇ ಲೆಕ್ಕಹಾಕಿ ಬಿಡಿಸಬೇಕು. ಎರಡು ಕ್ಯಾಮೆರಾದ ಮುಹೂರ್ತದ ದೃಶ್ಯವನ್ನು ಮಲ್ಟಿಕ್ಯಾಮ್‌ನಲ್ಲಿ ಹಾಕಿದಾಗ ಅದು ಸುಸ್ತಾಗುವುದು ಸಹಜ. ನಿಮ್ಮ ಕಂಪ್ಯೂಟರ್ ಒಟ್ಟಾರೆ ನಿಧಾನವಾಗಿದೆ ಎನ್ನುವುದಕ್ಕಿಂತ ಈ ಒಂದು ಕೆಲಸಕ್ಕೆ ಬೇಕಾದ ಭಾಗ ಅದರಲ್ಲಿಲ್ಲ ಎನ್ನುವುದು ಸರಿ.

ನನ್ನ ಮಾತನ್ನೇ ನಂಬಬೇಕಿಲ್ಲ, ಐದು ನಿಮಿಷದಲ್ಲಿ ನೀವೇ ನೋಡಬಹುದು. ರಿಸಾಲ್ವ್‌ನಲ್ಲಿ ಪ್ರಾಕ್ಸಿ ಆಫ್ ಮಾಡಿ, ಯಾವ ಕಲರ್ ಗ್ರೇಡೂ ಇಲ್ಲದ ಒಂದು ಮೂಲ ಕ್ಲಿಪ್ ಪ್ಲೇ ಮಾಡಿ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮೇಲೆ ಒತ್ತಿ. ಅಲ್ಲಿ ‘ವಿಡಿಯೊ ಡಿಕೋಡ್’ ಎಂಬ ಗ್ರಾಫ್ ಇರುತ್ತದೆ. ಆ ಗ್ರಾಫ್ ಸೊನ್ನೆಯಲ್ಲೇ ಮಲಗಿದ್ದು ಸಿಪಿಯು (ಪ್ರೊಸೆಸರ್) ಮಾತ್ರ 90–100 ಶೇಕಡಾ ತೋರಿಸುತ್ತಿದ್ದರೆ ಮೇಲೆ ಹೇಳಿದ್ದೇ ಕಾರಣ. ಡಿಕೋಡ್ ಗ್ರಾಫ್ ಏಳುತ್ತಿದೆ, ಸಿಪಿಯು ಆರಾಮಾಗಿದೆ, ಆದರೂ ತಡವರಿಸುತ್ತಿದೆ ಎಂದಾದರೆ ಫೈಲ್ ಇರುವ ಡಿಸ್ಕ್ ನೋಡಿ. ಹಾರ್ಡ್‌ಡಿಸ್ಕ್‌ನಿಂದ ಎರಡು ಮೂರು ಕ್ಯಾಮೆರಾದ ಫೈಲನ್ನು ಒಟ್ಟಿಗೆ ಎಳೆಯುತ್ತಿದ್ದರೆ ಅಡ್ಡಿ ಅಲ್ಲಿದೆ. ಅದಕ್ಕೆ ಮದ್ದು ಎಸ್‌ಎಸ್‌ಡಿ. ಗ್ರೇಡ್, ನಾಯ್ಸ್ ರಿಡಕ್ಷನ್ ಹಾಕಿದಾಗ ಮಾತ್ರ ‘ಜಿಪಿಯು ಮೆಮೊರಿ ತುಂಬಿದೆ’ ಎಂಬ ಸಂದೇಶ ಬರುತ್ತಿದ್ದರೆ ಅದು 1050 ಟಿಐನ 4 ಜಿಬಿ ಮೆಮೊರಿಯ ಮಿತಿ.

ಇವತ್ತೇ ಬಿಡಿಕಾಸೂ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಆರಿಸಿ, ರೆಕಾರ್ಡ್ ಸೆಟ್ಟಿಂಗ್‌ನಲ್ಲಿ 4:2:2 ಬದಲು 4:2:0 10 ಬಿಟ್ ಇಡಿ. ಇದು ಎಚ್.265 (ವಿಡಿಯೊ ಕುಗ್ಗಿಸಿಡುವ ಒಂದು ವಿಧಾನ) ಫೈಲ್. 4:2:0 ಆದರೆ ನಿಮ್ಮ 1050 ಟಿಐ ಅದನ್ನು ತಾನೇ ಬಿಚ್ಚಬಲ್ಲದು. ಮದುವೆ ಮನೆಯ ದೃಶ್ಯಕ್ಕೆ ಬಣ್ಣದಲ್ಲಿ ಕಣ್ಣಿಗೆ ಕಾಣುವಂಥ ನಷ್ಟವಿಲ್ಲ. ಹಸಿರು ಪರದೆ ಹಾಕಿ ಹಿನ್ನೆಲೆ ಕತ್ತರಿಸುವ ಕೆಲಸವಿದ್ದರೆ ಮಾತ್ರ 4:2:2 ಬೇಕು. ಮುಂದಿನ ಕಾರ್ಯಕ್ರಮಕ್ಕೆ ಮೊದಲು ಮನೆಯಲ್ಲೇ ಒಂದು ನಿಮಿಷ ಎರಡೂ ಬಗೆಯಲ್ಲಿ ಶೂಟ್ ಮಾಡಿ, ಟೈಮ್‌ಲೈನಿಗೆ ಹಾಕಿ ಹೋಲಿಸಿ. (ರಿಸಾಲ್ವ್‌ನ ಉಚಿತ ಆವೃತ್ತಿ ಬಳಸುವವರು ಗಮನಿಸಬೇಕು: ವಿಂಡೋಸ್‌ನಲ್ಲಿ ಇಂಥ 10 ಬಿಟ್ ಫೈಲಿಗೆ ಕಾರ್ಡ್‌ನ ನೆರವು ಸಿಗಬೇಕಾದರೆ ಸ್ಟುಡಿಯೊ ಆವೃತ್ತಿಯೇ ಬೇಕು. ಅದಿಲ್ಲದೆ ಎಂಥ ಕಾರ್ಡ್ ತಂದರೂ ದುಡ್ಡು ದಂಡ.)

ಈಗ ಕಾರ್ಡ್. ಎನ್ವಿಡಿಯಾ ಕಾರ್ಡ್‌ಗಳಲ್ಲಿ 4:2:2 ಫೈಲನ್ನು ಯಂತ್ರಾಂಶದಲ್ಲೇ ಬಿಚ್ಚುವ ಶಕ್ತಿ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಎಚ್.264, ಎಚ್.265 ಎರಡಕ್ಕೂ ಇದೆ. ಆರ್‌ಟಿಎಕ್ಸ್ 30, 40 ಸರಣಿಗಳಲ್ಲಿ ಇಲ್ಲ. ಅಂದರೆ ನಿಮ್ಮ ಮಟ್ಟಿಗೆ ಕಾಯುವಂಥ ‘ಹೊಸ ತಲೆಮಾರು’ ಆಗಲೇ ಬಂದು ಅಂಗಡಿಯಲ್ಲಿ ಕೂತಿದೆ. ಸೆಕೆಂಡ್‌ಹ್ಯಾಂಡ್ 3060 ಅಥವಾ 4060 ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಮೆಮೊರಿ ಹೆಚ್ಚಾದೀತು, ಟೈಮ್‌ಲೈನ್ ತಡವರಿಸುವುದು ನಿಲ್ಲದು.

ನಿಮಗೆ ಹೊಂದುವುದು ಆರ್‌ಟಿಎಕ್ಸ್ 5060 ಟಿಐ, 16 ಜಿಬಿ. ಇದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಡಬ್ಬಿಯೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಬಿಲ್ ಹಾಕಿಸುವ ಮುನ್ನ 16 ಎಂಬ ಅಂಕಿ ಡಬ್ಬಿಯ ಮೇಲೂ ಬಿಲ್‌ನಲ್ಲೂ ಇದೆಯೇ ನೋಡಿ. ಬೆಲೆ ನ್ಯಾಯವೇ ಎಂದು ಅಳೆಯಲು ಸರಳ ಲೆಕ್ಕವಿದೆ. ಅಮೆರಿಕದಲ್ಲಿ ಇದಕ್ಕೆ ಘೋಷಿಸಿದ ಬೆಲೆ 429 ಡಾಲರ್, ತೆರಿಗೆ ಬಿಟ್ಟು. ಡಾಲರಿಗೆ 90 ರೂಪಾಯಿಯಂತೆ 38,610. ಶೇ 18 ಜಿಎಸ್‌ಟಿ ಸೇರಿ ಸುಮಾರು 45,560. ಅದರ ಮೇಲೆ ಆಮದುದಾರರ, ಅಂಗಡಿಯವರ ಪಾಲು. ಡಾಲರ್ 85 ಇದ್ದಿದ್ದರೆ ಇದೇ ಲೆಕ್ಕ 43,030ಕ್ಕೆ ನಿಲ್ಲುತ್ತಿತ್ತು. ರೂಪಾಯಿ 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಕಾಯುವವರು ಕಾರ್ಡ್‌ನ ಡಾಲರ್ ಬೆಲೆಯನ್ನಷ್ಟೇ ನೋಡುತ್ತಾರೆ, ರೂಪಾಯಿ ಜಾರಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಊರಿನ ಅಂಗಡಿಯ ಬೆಲೆಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಎರಡು ಮೂರು ಅಂಗಡಿಗಳ ಬೆಲೆಯೊಂದಿಗೆ ಫೋನಿನಲ್ಲೇ ತಾಳೆ ನೋಡಿ. ವ್ಯತ್ಯಾಸ ಸಾವಿರ, ಒಂದೂವರೆ ಸಾವಿರದೊಳಗಿದ್ದರೆ ನಿಮ್ಮ ಊರಲ್ಲೇ ಕೊಳ್ಳಿ. ಕೆಟ್ಟಾಗ ಹೊತ್ತುಕೊಂಡು ಹೋಗುವ ದೂರಕ್ಕೂ ಬೆಲೆಯಿದೆ.

1050 ಟಿಐ ಜೊತೆ ಇನ್ನಷ್ಟು ದಿನ ತಳ್ಳಬಾರದು ಎನ್ನಲು ಮತ್ತೊಂದು ಕಾರಣ: ಆ ತಲೆಮಾರಿನ ಕಾರ್ಡ್‌ಗಳಿಗೆ ಎನ್ವಿಡಿಯಾ ಹೊಸ ಸೌಲಭ್ಯಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಭದ್ರತೆಯ ತಿದ್ದುಪಡಿಗಳಷ್ಟೇ 2028ರವರೆಗೆ ಬರುತ್ತವೆ. ರಿಸಾಲ್ವ್ ಪ್ರತಿ ದೊಡ್ಡ ಆವೃತ್ತಿಯಲ್ಲೂ ಹೊಸ ಡ್ರೈವರ್ ಕೇಳುವ ಸಾಫ್ಟ್‌ವೇರ್.

ಹಳೆಯ ಕಂಪ್ಯೂಟರಿಗೆ ಈ ಕಾರ್ಡ್ ಹಾಕುವಾಗ ಎಡವುವ ಜಾಗಗಳು ಮೂರಿವೆ. ಮೊದಲನೆಯದು ಪವರ್ ಸಪ್ಲೈ. 1050 ಟಿಐ 75 ವ್ಯಾಟ್‌ನೊಳಗಿನ ಕಾರ್ಡ್, ಬಹುಪಾಲು ಮಾದರಿಗಳಿಗೆ ಬೇರೆ ವೈರೇ ಬೇಕಿರಲಿಲ್ಲ. 5060 ಟಿಐ 180 ವ್ಯಾಟ್ ಎಳೆಯುತ್ತದೆ. ಎನ್ವಿಡಿಯಾ ಹೇಳುವುದು 600 ವ್ಯಾಟ್ ಪವರ್ ಸಪ್ಲೈ ಇರಲಿ ಎಂದು. 650 ವ್ಯಾಟ್‌ನ, ಕನಿಷ್ಠ 80 ಪ್ಲಸ್ ಬ್ರಾಂಜ್ ಗುರುತಿನ, ಐದು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿಯದು ತನ್ನಿ; ನಾಳೆ ಹೊಸ ಕಂಪ್ಯೂಟರಿಗೂ ಅದೇ ಆಗುತ್ತದೆ. ಹಳೆಯ 450 ವ್ಯಾಟ್‌ನದಕ್ಕೇ ಮೋಲೆಕ್ಸ್‌ನಿಂದ 8 ಪಿನ್‌ಗೆ ಬದಲಿಸುವ ಅಡಾಪ್ಟರ್ ಹಾಕಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂಥ ಅಡಾಪ್ಟರ್ ಅಷ್ಟು ಕರೆಂಟ್ ಹೊರುತ್ತದೆಂದು ನಂಬುವಂತಿಲ್ಲ. ಗಂಟೆಗಟ್ಟಲೆ ರೆಂಡರ್ ನಡೆಯುವಾಗ ಕನೆಕ್ಟರ್ ಬಿಸಿಯಾಗಿ ಕರಗಬಹುದು. ಯುಪಿಎಸ್ ಕೂಡ ಇದರ ಜೊತೆಗೇ ಬರುವ ಮಾತು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್ ಮಾತ್ರ. ರೆಂಡರ್ ನಡುವೆ ಕರೆಂಟ್ ಹೋದರೆ, ಅದರಲ್ಲೂ ಬ್ಯಾಟರಿ ಎರಡು ವರ್ಷ ಹಳೆಯದಾಗಿದ್ದರೆ, ಕೂಗಿದ ಮರುಕ್ಷಣವೇ ಆರಿಹೋಗುತ್ತದೆ. 1 ಕೆವಿಎ ಅಥವಾ ಮೇಲಿನದು ಬೇಕು.

ಎರಡನೆಯದು ಬಯೋಸ್ (ಕಂಪ್ಯೂಟರ್ ಏಳಿಸುವ ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್), ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹಳೆಯ ಬೋರ್ಡ್‌ನಲ್ಲಿ ಸಿಎಸ್‌ಎಂ, ಅಂದರೆ ಹಳೆಯ ಕಾಲದ ಬೂಟ್ ವಿಧಾನ, ಆನ್ ಆಗಿದ್ದರೆ 50 ಸರಣಿಯ ಕಾರ್ಡ್ ಹಾಕಿದಾಗ ಪರದೆ ಕಪ್ಪಾಗಿಯೇ ಉಳಿಯುವ ಸಂಭವವಿದೆ. ಹಾಗೆಂದು ಅದನ್ನು ನೇರವಾಗಿ ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗದೆ ಇರಬಹುದು. ಆದ್ದರಿಂದ ಹಳೆಯ ಕಾರ್ಡ್ ಇರುವಾಗಲೇ ಈ ಕ್ರಮದಲ್ಲಿ ಹೋಗಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ವಿಂಡೋಸ್ ಇರುವ ಡಿಸ್ಕ್‌ನ ಪ್ರಾಪರ್ಟೀಸ್ ತೆರೆದು, ವಾಲ್ಯೂಮ್ಸ್ ಪುಟದಲ್ಲಿ ಪಾರ್ಟಿಷನ್ ಸ್ಟೈಲ್, ಅಂದರೆ ಡಿಸ್ಕ್ ಅನ್ನು ವಿಂಗಡಿಸಿಟ್ಟ ಬಗೆ, ನೋಡಿ. ಜಿಪಿಟಿ ಎಂದಿದ್ದರೆ ಮುಂದುವರಿಯಿರಿ. ಎಂಬಿಆರ್ ಎಂದಿದ್ದರೆ ಮೊದಲು ಬ್ಯಾಕಪ್ ತೆಗೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಸಾಧನದಿಂದ ಬದಲಿಸಿ. ಆಮೇಲೆ ಮದರ್‌ಬೋರ್ಡ್ ಕಂಪನಿಯ ಜಾಲತಾಣದಿಂದ ಕೊನೆಯ ಬಯೋಸ್ ಹಾಕಿ, ಸಿಎಸ್‌ಎಂ ಆಫ್ ಮಾಡಿ, ಒಮ್ಮೆ ಹಳೆಯ ಕಾರ್ಡ್‌ನಲ್ಲೇ ವಿಂಡೋಸ್ ಏಳುತ್ತದೆಯೇ ನೋಡಿ. ಎದ್ದರೆ ಕಾರ್ಡ್ ಬದಲಿಸಿ, ಎನ್ವಿಡಿಯಾದ ಸ್ಟುಡಿಯೊ ಡ್ರೈವರ್ ಹಾಕಿ. ಆಗಲೂ ಪರದೆ ಕಪ್ಪಾದರೆ ಗಾಬರಿ ಬೇಡ. ಐ5-8400ರಲ್ಲಿ ಒಳ ಗ್ರಾಫಿಕ್ಸ್ ಇದೆ, ಕಾರ್ಡ್ ತೆಗೆದು ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ಗೆ ಚುಚ್ಚಿ ಒಳಗೆ ಹೋಗಬಹುದು. ಕಪ್ಪು ಪರದೆಯ ತೊಂದರೆಗೆಂದೇ ಎನ್ವಿಡಿಯಾ 5060 ಟಿಐಗೆ ಒಂದು ಫರ್ಮ್‌ವೇರ್ ತಿದ್ದುಪಡಿಯನ್ನೂ ಬಿಟ್ಟಿದೆ.

ಮೂರನೆಯದು ಸ್ಲಾಟ್‌ನ ವೇಗ. ನಿಮ್ಮ ಬೋರ್ಡ್ ಪಿಸಿಐ ಎಕ್ಸ್‌ಪ್ರೆಸ್ 3.0, ಈ ಕಾರ್ಡ್ ಬಳಸುವುದು ಎಂಟೇ ಲೇನ್ (ಡೇಟಾ ಓಡಾಡುವ ದಾರಿ). ಸ್ವಲ್ಪ ವೇಗ ತಪ್ಪುವುದು ನಿಜ. 16 ಜಿಬಿ ಕಾರ್ಡ್‌ನಲ್ಲಿ ಅದು ಅಷ್ಟಾಗಿ ಕಾಣದು. 8 ಜಿಬಿಯದರಲ್ಲಿ ಮೆಮೊರಿ ತುಂಬಿದಾಗಲೆಲ್ಲ ಡೇಟಾ ಆ ಕಿರಿದಾದ ದಾರಿಯಲ್ಲೇ ಓಡಾಡಬೇಕು, ಆಗ ಚೆನ್ನಾಗಿಯೇ ಗೊತ್ತಾಗುತ್ತದೆ.

ಉಳಿದ ಮೂರಕ್ಕೆ ಯಾಕೆ ಕಾಯಬೇಕು? ಹೊಸ ಪ್ರೊಸೆಸರ್ ಬರುತ್ತದೆ ಎನ್ನುವುದಕ್ಕಿಂತ ರ‍್ಯಾಮ್ ಬೆಲೆ ದೊಡ್ಡ ಕಾರಣ. ಇವತ್ತು ಹೊಸ ಪ್ಲಾಟ್‌ಫಾರ್ಮ್ (ಈ ಮೂರೂ ಕೂಡಿದ್ದು) ಎಂದರೆ, ಎಎಂಡಿಯ ಎಎಂ5 ಆಗಲಿ ಇಂಟೆಲ್‌ನ 1851 ಸಾಕೆಟ್ ಆಗಲಿ, ಡಿಡಿಆರ್5 ಮಾತ್ರ. 2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5 ಕಿಟ್‌ಗಳ ಬೆಲೆ ಎರಡು, ಮೂರು ಪಟ್ಟಾಯಿತು. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಕಾದ ಎಚ್‌ಬಿಎಂ ಮೆಮೊರಿಯನ್ನು ಮಾಡುವವರೂ ನಮ್ಮ ರ‍್ಯಾಮ್ ಮಾಡುವವರೂ ಒಂದೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಅಷ್ಟೇ ಸಾಮರ್ಥ್ಯದ ಎಚ್‌ಬಿಎಂಗೆ ಡಿಡಿಆರ್5ಗಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ಬೇಕು ಎಂದು ಮೈಕ್ರಾನ್ ತಾನೇ ಹೇಳಿದೆ. ಲಾಭ ಅತ್ತ ಇರುವಾಗ ಕಾರ್ಖಾನೆಯೂ ಅತ್ತಲೇ ತಿರುಗುತ್ತದೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಈ ಬೆಲೆ ಇಂಥ ತಿಂಗಳು ಇಳಿಯುತ್ತದೆ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ಆದರೆ ನಿಮ್ಮ ಕೈಯಲ್ಲಿ ಕೆಲಸ ಮಾಡುವ 16 ಜಿಬಿ ಡಿಡಿಆರ್4 ಇರುವಾಗ, ತುರ್ತಿಲ್ಲದೆ ಆ ಬೆಲೆ ತೆರಬೇಕಾಗಿಲ್ಲ. ಕಾರ್ಡ್‌ಗಳಲ್ಲಿರುವ ಜಿಡಿಡಿಆರ್7 ಮೆಮೊರಿ ಕೂಡ ಇದೇ ಮೂವರದ್ದು. ಕಾರ್ಡ್ ಅಗ್ಗವಾದೀತೆಂದು ಕಾಯಬೇಡಿ ಎಂದದ್ದಕ್ಕೆ ಅದೂ ಒಂದು ಕಾರಣ.

ಇನ್ನು ಗೆಳೆಯರ ಮಾತು. ಇಂಟೆಲ್ ತನ್ನ ನೋವಾ ಲೇಕ್ ಪ್ರೊಸೆಸರ್ 2026ರ ಕೊನೆಗೆ ಎಂದಿದೆ. ಎಎಂಡಿ ಎಎಂ5 ಸಾಕೆಟ್‌ಗೆ 2027 ಮತ್ತು ಅದರಾಚೆಗೂ ಬೆಂಬಲ ಇದೆ ಎಂದಿದೆ. ಎರಡೂ ಕಂಪನಿಗಳೇ ಹೇಳಿದ ಮಾತು, ಗಾಳಿಸುದ್ದಿಯಲ್ಲ. ಆದರೂ ‘ಬಿಡುಗಡೆ’ ಎಂಬ ದಿನಕ್ಕೂ ನಿಮ್ಮ ಬಜೆಟ್‌ಗೆ ಹೊಂದುವ ಮಾದರಿ ಶಿವಮೊಗ್ಗದ ಅಂಗಡಿಗೆ ಬರುವ ದಿನಕ್ಕೂ ನಡುವೆ ತಿಂಗಳುಗಳೇ ಉರುಳುತ್ತವೆ. ಆರ್‌ಟಿಎಕ್ಸ್ 4090 ಬಂದದ್ದು 2022ರ ಅಕ್ಟೋಬರ್, 4060 ಬಂದದ್ದು 2023ರ ಜೂನ್ ಕೊನೆ. 5090 2025ರ ಜನವರಿ 30ಕ್ಕೆ, 5060 ಮೇ ತಿಂಗಳಲ್ಲಿ. ಪ್ರೊಸೆಸರ್‌ಗಳಲ್ಲೂ ಹಾಗೇ: ಎಎಂಡಿಯ ರೈಜೆನ್ 9000 ಸರಣಿ 2024ರ ಆಗಸ್ಟ್‌ನಲ್ಲಿ ಬಂತು, ಅದರ ಜೊತೆಗೆಂದು ಬರಬೇಕಿದ್ದ ಮಧ್ಯಮ ಬೆಲೆಯ ಬಿ850 ಬೋರ್ಡ್‌ಗಳು ಬಂದದ್ದು 2025ರ ಜನವರಿಯಲ್ಲಿ. ಮೇಲಿನ ದರ್ಜೆಯದು ಮೊದಲು, ನಮ್ಮಂಥವರದು ಆಮೇಲೆ. ಇದು ಪ್ರತಿ ಸಲದ ಕ್ರಮ.

ಹೊಸದು ಬಂದಾಗ ಹಳೆಯದು ಅಗ್ಗವಾಗುತ್ತದೆ ಎನ್ನುವುದೂ ಎಲ್ಲ ಸಲ ನಿಜವಲ್ಲ. 2022ರಲ್ಲಿ ಎಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೊ ನಾಣ್ಯ ಗಳಿಸುವುದು) ನಿಂತಾಗ ಹಳೆಯ ಕಾರ್ಡ್‌ಗಳು ಭಾರಿ ಇಳಿದವು, ಜನರ ತಲೆಯಲ್ಲಿ ಅದೇ ಉಳಿದಿದೆ. ಆದರೆ 2024ರಲ್ಲಿ ಎಎಂಡಿಯ 9800ಎಕ್ಸ್3ಡಿ ಪ್ರೊಸೆಸರ್ ಬರುವ ಮುಂಚಿನ ತಿಂಗಳುಗಳಲ್ಲಿ ಅದರ ಹಿಂದಿನ 7800ಎಕ್ಸ್3ಡಿ ಬೆಲೆ ಏರಿತು. ಕಂಪನಿಗಳು ಹಳೆಯದರ ಉತ್ಪಾದನೆಯನ್ನು ಮೊದಲೇ ಕಡಿಮೆ ಮಾಡುವುದರಿಂದ ಅಂಗಡಿಯಲ್ಲಿ ಮಾಲೇ ಇರುವುದಿಲ್ಲ.

ಜೊತೆಗೆ, ದುಡಿಮೆಯ ಕಂಪ್ಯೂಟರಿಗೆ ಮೊದಲ ವಾರದ ಮಾಲು ತರುವುದು ನನಗೆ ಒಪ್ಪಿಗೆಯಿಲ್ಲ. 2023ರಲ್ಲಿ ಕೆಲವು ರೈಜೆನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಸುಟ್ಟುಹೋಗಿ, ಬಯೋಸ್‌ನಲ್ಲಿ ಎಸ್‌ಒಸಿ (ಪ್ರೊಸೆಸರಿನ ಒಂದು ಒಳಭಾಗದ) ವೋಲ್ಟೇಜನ್ನು 1.3 ವೋಲ್ಟ್‌ಗೆ ಕಟ್ಟಿಹಾಕಬೇಕಾಯಿತು. ಇಂಟೆಲ್‌ನ 13, 14ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರ್‌ಗಳ ಅಸ್ಥಿರತೆಗೆ ಮೈಕ್ರೋಕೋಡ್ (ಪ್ರೊಸೆಸರಿನ ಒಳ ಸೂಚನೆಗಳ) ತಿದ್ದುಪಡಿ ಬಂದದ್ದು 2024ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಮದುವೆ ಮನೆಯವರಿಗೆ ವಿಡಿಯೊ ಕೊಡುವ ದಿನ ಹೇಳಿದವರು ಇಂಥದ್ದಕ್ಕೆಲ್ಲ ಪ್ರಯೋಗಪಶು ಆಗಬಾರದು. ಬಿಡುಗಡೆಯಾಗಿ ಎರಡು ತಿಂಗಳು, ಎರಡು ಬಯೋಸ್ ಆವೃತ್ತಿ ಕಳೆಯಲಿ.

ಹಾಗಾದರೆ ಕಾಯುವುದು ಎಲ್ಲಿಯವರೆಗೆ? ನಾನು ಇಡುವ ಗೆರೆ ಇದು: ಕಂಪನಿಯೇ ದಿನಾಂಕ ಹೇಳಿದೆ, ನಿಮ್ಮ ಬೆಲೆಯ ಮಾದರಿಯ ಹೆಸರು ಹೇಳಿದೆ, ಆ ದಿನ ಎಂಟು ವಾರದೊಳಗಿದೆ, ಮೂರೂ ಇದ್ದರೆ ಕಾಯಿರಿ. ಒಂದು ತಪ್ಪಿದರೂ ಅಗತ್ಯ ಬಂದ ದಿನವೇ ಕೊಳ್ಳಿ. ಕಾರ್ಡ್ ಹಾಕಿದ ಮೇಲೂ ಎಕ್ಸ್‌ಪೋರ್ಟ್ ಸಮಯದಲ್ಲಿ ಸಿಪಿಯು ನೂರಕ್ಕೆ ನೂರು ನಿಂತರೆ, ಅಥವಾ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ 15 ಜಿಬಿ ದಾಟಿ ಎಲ್ಲವೂ ಸ್ತಬ್ಧವಾದರೆ ಅಗತ್ಯ ಬಂದಿದೆ ಎಂದರ್ಥ. ಮೆಮೊರಿಯೊಂದೇ ತೊಂದರೆಯಾದರೆ ಇನ್ನೊಂದು 16 ಜಿಬಿ ಡಿಡಿಆರ್4, ಸೆಕೆಂಡ್‌ಹ್ಯಾಂಡ್ ಆದರೂ ಸರಿ, ಹಾಕಿಸಿ. ಬೋರ್ಡ್‌ನಲ್ಲಿ ಖಾಲಿ ಸ್ಲಾಟ್ ಇದೆಯೇ ಮೊದಲು ನೋಡಿ.

ಪ್ರೊಸೆಸರನ್ನೇ ಬದಲಿಸುವಷ್ಟು ತುರ್ತಾದರೆ ಡಿಡಿಆರ್5 ಮುಟ್ಟದ ದಾರಿಯೊಂದಿದೆ: ಕೋರ್ ಐ5-14500 ಮತ್ತು ಡಿಡಿಆರ್4 ಸ್ಲಾಟ್‌ಗಳ ಬಿ760 ಬೋರ್ಡ್. ಬಿ760ರಲ್ಲಿ ಡಿಡಿಆರ್4, ಡಿಡಿಆರ್5 ಎರಡೂ ಬಗೆ ಇವೆ, ಹೆಸರಿನ ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಎಂದಿರುವುದನ್ನು ಖಾತ್ರಿ ಮಾಡಿಕೊಳ್ಳಿ. ತಪ್ಪಿದರೆ ನಿಮ್ಮ ರ‍್ಯಾಮ್ ಸ್ಲಾಟಿಗೇ ಕೂರದು. 14500ರಲ್ಲಿ 14 ಕೋರ್, 20 ಥ್ರೆಡ್ ಇವೆ. ಅದರ ಒಳ ಗ್ರಾಫಿಕ್ಸ್ ಕೂಡ ಎಚ್.265 4:2:2 ಬಿಚ್ಚುತ್ತದೆ, ಹಾಗಾಗಿ ಕೊನೆಯಲ್ಲಿ ‘ಎಫ್’ ಇರುವ ಮಾದರಿ ತರಬೇಡಿ. ಮೇಲೆ ಹೇಳಿದ ಅಸ್ಥಿರತೆಗೆ ಇಂಟೆಲ್ ಪ್ರಕಟಿಸಿದ ಪಟ್ಟಿಯಲ್ಲಿ ಇದು ಇಲ್ಲ. ಇಂಟೆಲ್‌ನ ಹೊಸ ತಲೆಮಾರುಗಳು ಬೇರೆ ಸಾಕೆಟ್‌ಗೆ ಹೋಗಿವೆ ಎಂಬುದು ಕೊರತೆಯೇ, ಆದರೆ 2018ರಿಂದ ಒಂದೇ ಪ್ರೊಸೆಸರ್‌ನಲ್ಲಿ ದುಡಿದ ನಿಮಗೆ ಅದು ದೊಡ್ಡ ಕೊರತೆ ಅಲ್ಲ. ಹಳೆಯ ಬೋರ್ಡ್‌ಗೇ ಸೆಕೆಂಡ್‌ಹ್ಯಾಂಡ್ ಐ9-9900ಕೆ ಹಾಕುವ ಸಲಹೆ ಬಂದರೆ ಬಿಡಿ. ಅಗ್ಗದ ಬೋರ್ಡ್‌ನ ವಿದ್ಯುತ್ ಭಾಗ ಅದರ ಬಿಸಿ ತಾಳದು.

‘ಈಗ ಆಫರ್ ಇದೆ’ ಎಂದು ಮದರ್‌ಬೋರ್ಡ್ ಒಂದನ್ನೇ ಕೊಂಡು ಪ್ರೊಸೆಸರ್ ಬರಲೆಂದು ಅಟ್ಟದ ಮೇಲೆ ಇಡಬೇಡಿ. ವಾರಂಟಿ ಬಿಲ್ ದಿನದಿಂದಲೇ ಓಡುತ್ತದೆ, ಬದಲಿಸಿಕೊಡುವ ಅವಧಿ ವಾರದಲ್ಲೇ ಮುಗಿಯುತ್ತದೆ. ನಾಲ್ಕು ತಿಂಗಳ ಮೇಲೆ ಡಬ್ಬಿ ತೆರೆದಾಗ ಸಾಕೆಟ್‌ನ ಒಂದು ಪಿನ್ ಬಾಗಿದ್ದರೆ ಅದು ಮೊದಲೇ ಹಾಗಿತ್ತು ಎಂದು ಸಾಬೀತು ಮಾಡಲು ನಿಮ್ಮಲ್ಲಿ ಏನೂ ಇರುವುದಿಲ್ಲ. ಕೊಂಡ ವಾರವೇ ಕೆಲಸಕ್ಕೆ ಹಚ್ಚಬಹುದಾದ್ದನ್ನು ಮಾತ್ರ ಮೊದಲು ಕೊಳ್ಳಿ. ನಿಮ್ಮ ವಿಷಯದಲ್ಲಿ ಅದು ಕಾರ್ಡ್, ಪವರ್ ಸಪ್ಲೈ, ಯುಪಿಎಸ್, ಬೇಕಿದ್ದರೆ ಎಸ್‌ಎಸ್‌ಡಿ.

ಪ್ಲಾಟ್‌ಫಾರ್ಮ್ ಬದಲಾವಣೆಯನ್ನು ಆಷಾಢಕ್ಕೆ ಇಟ್ಟುಕೊಳ್ಳಿ. ಮದುವೆಗಳಿಲ್ಲದ ಆ ತಿಂಗಳಲ್ಲಿ ವಿಂಡೋಸ್ ಹೊಸದಾಗಿ ಹಾಕಿ, ಪ್ಲಗಿನ್, ಫಾಂಟ್, ರಿಸಾಲ್ವ್‌ನ ಡೇಟಾಬೇಸ್ ಬ್ಯಾಕಪ್ ಎಲ್ಲ ಸಾವಕಾಶವಾಗಿ ಸಾಗಿಸಬಹುದು. ಕಾರ್ಡ್ ಮಾತ್ರ ಹಾಕಿದ ದಿನವೇ ಪರೀಕ್ಷಿಸಿ: ಹಳೆಯ ಮದುವೆಯೊಂದರ ಪೂರ್ತಿ ಪ್ರಾಜೆಕ್ಟ್ ತೆರೆದು, ನಾಯ್ಸ್ ರಿಡಕ್ಷನ್ ಸಮೇತ ಒಂದು ಗಂಟೆಯ ಎಕ್ಸ್‌ಪೋರ್ಟ್ ಇಡಿ, ಕ್ಯಾಬಿನೆಟ್ ಬಾಗಿಲು ಮುಚ್ಚಿಯೇ ಇರಲಿ. ಅಷ್ಟು ಹೊತ್ತು ಪರದೆ ಮಿನುಗದೆ, ರಿಸಾಲ್ವ್ ಮುಚ್ಚಿಕೊಳ್ಳದೆ, ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗದೆ ಮುಗಿದರೆ ಡಬ್ಬಿಯ ಸೀರಿಯಲ್ ನಂಬರ್ ಜಿಎಸ್‌ಟಿ ಬಿಲ್‌ನಲ್ಲಿರುವ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ, ಎರಡರದ್ದೂ ಫೋಟೊ ತೆಗೆದಿಟ್ಟುಕೊಳ್ಳಿ. ನಡುವೆ ಕೈಕೊಟ್ಟರೆ ಮರುದಿನವೇ ಅಂಗಡಿಗೆ ಒಯ್ಯಿರಿ.